ಬಾಜೂ ಹೊಲದವನ ಜಿದ್ದು

ಮೊನ್ನೆ ನಮ್ಮ ಓಣಿಯ ರಸ್ತೆಗೆ ಡಾಂಬರು ಹಾಕುತ್ತಿದ್ದರು. ಆ ಬಿಸಿ ವಾಸನೆ ಮೂಗಿಗೆ ಬಡಿದದ್ದೇ ತಡ, ಬಾಜೂ ಹೊಲದವನ ಮೋರೆ ಕಣ್ಣ ಮುಂದೆ ಬಂತು. ಬೇರೆಯವರಿಗೆ ಹಳೆಯ ವಾಸನೆಗಳಿಂದ ಅವ್ವನೋ ಅಜ್ಜಿಯೋ ನೆನಪಾಗುತ್ತಾರೆ. ನನ್ನ ಹಣೆಬರಹ ನೋಡಿ, ನನಗೆ ಆ ಮನುಷ್ಯ!

ಎಪ್ಪತ್ತರ ದಶಕದ ಮಾತು. ಕಲಘಟಗಿ ತಾಲೂಕಿನಲ್ಲಿ, ಬಮ್ಮಿಗಟ್ಟಿಯ ಆಚೆ ನಮ್ಮ ಹೊಲ. ಅದಕ್ಕೆ ಹತ್ತಿದ್ದೇ ಅವನ ಹೊಲ. ನಡುವಿನ ಬದುವಿನ ಮೇಲೆ ಒಂದು ಹುಣಸೆ ಮರ. ಅದನ್ನು ನಮ್ಮಪ್ಪ ಹಚ್ಚಿದ್ದು ಎಂದು ನಾನು, ಅವರಪ್ಪ ಹಚ್ಚಿದ್ದು ಎಂದು ಅವನು. ಜಗಳ ಬೆಳೆದು ಬೆಳೆದು ಕಡೆಗೆ ಇಬ್ಬರೂ ಮಾತು ಬಿಟ್ಟೆವು.

ಆದರೆ ಕೆರೆ ಬಿಡಲಿಲ್ಲ. ಮಳೆಗಾಲ ಮುಗಿದು ಕೆರೆ ತುಂಬಿ ನಿಂತಾಗ, ನಡುವಯಸ್ಸಿನ ನಾವು ಏಳೆಂಟು ಮಂದಿ ಬೆಳಿಗ್ಗೆ ಹರಿಗೋಲು ತೆಗೆದುಕೊಂಡು ನೀರಿಗಿಳಿಯುತ್ತಿದ್ದೆವು. ಮೀನು ಹಿಡಿಯುವ ಅಜ್ಜನ ಹರಿಗೋಲುಗಳು ಅವು, ಡಾಂಬರು ಬಳಿದ ಬಿದಿರಿನ ದೊಡ್ಡ ಬುಟ್ಟಿಗಳು. ಶಾಲೆಯ ಮಾಸ್ತರರು, ಕಿರಾಣಿ ಅಂಗಡಿಯವರು ಗಾಳಿಗೆಂದು ಬರುತ್ತಿದ್ದರು. ಚುರುಮುರಿ ಮೆಲ್ಲುತ್ತ, ಹರಟೆ ಹೊಡೆಯುತ್ತ ಎತ್ತಲೋ ತೇಲುತ್ತಿದ್ದರು. ನನಗೂ ಬಾಜೂ ಹೊಲದವನಿಗೂ ಅದು ಆಗಿಬರುತ್ತಿರಲಿಲ್ಲ. ನಮಗೆ ಹರಿಗೋಲಿನ ಓಟದಲ್ಲಿ ಆಚೆ ದಂಡೆಯ ಊರಿನವರನ್ನು ಸೋಲಿಸಬೇಕು. ಒಬ್ಬನೇ ಹುಟ್ಟು ಹಾಕಿದರೆ ಹರಿಗೋಲು ನಿಂತಲ್ಲೇ ಗಿರಗಿರ ತಿರುಗುತ್ತದೆ. ಹಾಳಾದ್ದು, ಅವನ ಎಡಗೈ ಜೋರು, ನನ್ನ ಬಲಗೈ. ಮೀನಿನ ಅಜ್ಜ ನಮ್ಮಿಬ್ಬರನ್ನೇ ಜೋಡಿ ಮಾಡಿಬಿಟ್ಟ.

ಮಾತು ಬಿಟ್ಟವರು ಒಂದೇ ಹರಿಗೋಲಿನಲ್ಲಿ ಕೂತರೆ ಹೇಗಿರುತ್ತದೆ ಗೊತ್ತೇ? ಅವನು ಹರಿಗೋಲಿಗೆ ಹೇಳುತ್ತಿದ್ದ, “ಲೇ ಹರಗೋಲ, ಎಡಕ್ಕ ಹೊಳ್ಳಲೇ. ಬಾಜೂಕ ಕುಂತವರಿಗೆ ಕಣ್ಣ ಕಾಣ್ಸೂದಿಲ್ಲ.” ನಾನು ದಂಡೆಯ ಕೊಕ್ಕರೆಗೆ ಹೇಳುತ್ತಿದ್ದೆ, “ನೋಡಲೇ, ಯಾರದೋ ರಟ್ಟಿ ಸೋತಾವ.” ಹೀಗೆ ಒಬ್ಬರನ್ನೊಬ್ಬರು ಬೈಯುತ್ತಲೇ ಆಚೆ ದಂಡೆಯವರನ್ನು ಸೋಲಿಸಿ ಬರುತ್ತಿದ್ದೆವು.

ನಮ್ಮ ಜಗಳಕ್ಕೆ ಊರೇ ಬೇಸತ್ತಿತ್ತು. ಒಂದು ದಿನ ಕೆರೆಯ ಏರಿಯ ಮೇಲೆ ಗೌಡರು ಹೇಳಿಯೇಬಿಟ್ಟರು.

“ನಿಮ್ಮಿಬ್ಬರಾಗ ಯಾರು ಮೊದಲ ಸಾಕಂತ ಹುಟ್ಟು ಕೆಳಗಿಡ್ತೀರಿ, ಅವರ ಮರದ ಹಕ್ಕು ಹೋತು. ಅಲ್ಲೀತನಕಾ ಆ ಮರಕ್ಕ ಯಾರೂ ಕೈ ಹಚ್ಚಬ್ಯಾಡ್ರಿ.”

ಅವರು ಚೇಷ್ಟೆಗೆ ಹೇಳಿದರೋ ಏನೋ... ನಾವು ಮಾತ್ರ ಒಪ್ಪಿಬಿಟ್ಟೆವು. ಅವನೂ ಗೌಡರಿಗೆ ಹೂಂ ಅಂದ, ನಾನೂ ಗೌಡರಿಗೆ ಹೂಂ ಅಂದೆ.

ವರ್ಷಗಳು ಹೋದವು. ಅವನ ಮೊಣಕಾಲು ಬಾತವು, ನನ್ನ ಸೊಂಟ ಹಿಡಿಯಿತು. ರಾತ್ರಿ ಎಣ್ಣೆ ತಿಕ್ಕುತ್ತ ನನ್ನ ಹೆಂಡತಿ ಗೊಣಗುತ್ತಿದ್ದಳು, “ಒಂದ ಹುಣಸೀ ಮರಕ್ಕ ಜೀವಾ ಕೊಡ್ತೀರೇನ್ರಿ?”

“ಮರಾ ಯಾರಿಗೆ ಬೇಕಾಗೇತಿ? ಅವಗ ಸಿಗಬಾರದು, ಅಷ್ಟ,” ಅನ್ನುತ್ತಿದ್ದೆ.

ಒಂದು ಮಾತು ಹೇಳಲೇಬೇಕು. ನಡುಗೆರೆಯಲ್ಲಿ ಇಬ್ಬರ ಹುಟ್ಟೂ ಒಮ್ಮೆಲೇ ನೀರಿಗೆ ಬಿದ್ದು ಹರಿಗೋಲು ಓಟ ಹಿಡಿದಾಗ ಅಂಥ ಖುಷಿ ಆಗುತ್ತಿತ್ತು... ಹರಟೆಯವರ ಹರಿಗೋಲಿನಿಂದ ಮಾಸ್ತರರು ಚಪ್ಪಾಳೆ ತಟ್ಟುತ್ತಿದ್ದರು. ಖುಷಿಗೂ ಇವನೇ ಜೋಡಿ ಆಗಬೇಕೇ ಎಂದು ನನಗೆ ಮತ್ತಷ್ಟು ಮೈ ಉರಿಯುತ್ತಿತ್ತು.

ಕೊನೆಯ ವರ್ಷ, ಒಂದು ಬೆಳಿಗ್ಗೆ, ಅವನ ಹುಟ್ಟು ನನ್ನದಕ್ಕಿಂತ ತಡವಾಗಿ ನೀರಿಗೆ ಬೀಳುತ್ತಿತ್ತು. ತುಟಿ ಬಿಳಚಿಕೊಂಡಿತ್ತು. ಈಗ ಇಡುತ್ತಾನೆ, ಈಗ ಇಡುತ್ತಾನೆ ಎಂದು ಕಾದೆ. ಅವನು ಎರಡೂ ಕೈಯಿಂದ ಹುಟ್ಟನ್ನು ಬಿಗಿಯಾಗಿ ಹಿಡಿದು, ಹಲ್ಲು ಕಚ್ಚಿ ದಂಡೆಗೆ ತಂದ. ಇಳಿಯುವಾಗ ಹರಿಗೋಲನ್ನು ತಟ್ಟಿ, “ನಾಳೆ ಲಗೂನ ಹೋಗೂಣು,” ಅಂದ. ಅಂದೇ ಸಂಜೆ ಎದೆನೋವು ಬಂದು ತೀರಿಕೊಂಡ.

ಮಣ್ಣು ಮುಗಿಸಿ ಬರುವಾಗ ಗೌಡರು ಮೆಲ್ಲಗೆ, “ಇನ್ನ ಮರಾ ನಿಮ್ದ ಆತು ಬಿಡ್ರಿ,” ಅಂದರು. ನನಗೆ ಎಲ್ಲಿಲ್ಲದ ಸಿಟ್ಟು ಬಂತು.

“ಅಂವ ಎಲ್ಲಿ ಹುಟ್ಟು ಕೆಳಗಿಟ್ಟಾನ್ರಿ? ಸತ್ತಾನ, ಸೋತಿಲ್ಲ.”

ಕೆಲವು ದಿನಗಳ ಮೇಲೆ ಮಾಸ್ತರರು ಅವನ ಜಾಗದಲ್ಲಿ ಬಂದು ಕೂತರು. ಭಾಳ ಒಳ್ಳೆಯವರು. ನನ್ನ ಮುಖ ನೋಡಿ, “ಆರಾಮ ಅದೀರಿ?” ಎಂದು ಕೇಳಿದರು. ಆ ಜಾಗದಿಂದ ಅಂಥ ಮಾತು ಕೇಳಿ ನನಗೆ ತಡೆಯಲಾಗಲಿಲ್ಲ. ದಂಡೆ ಬಿಡುವ ಮೊದಲೇ ಇಳಿದು, ಎಲ್ಲರೂ ನೋಡುತ್ತಿರುವಾಗಲೇ ಹುಟ್ಟನ್ನು ಏರಿಯ ಮೇಲೆ ಇಟ್ಟೆ. ಮರ ಅವನ ಮನೆಗೆ ಹೋಯಿತು. ಊರವರು ನನ್ನನ್ನು ದೊಡ್ಡ ಮನಸ್ಸಿನವ ಅಂದರು. ಮಣ್ಣಾಂಗಟ್ಟಿ! ಎದುರಿಗೆ ಇಲ್ಲದವನನ್ನು ಗೆದ್ದು ನಾನೇನು ಮಾಡಲಿ?

ಮತ್ತೆ ನೀರಿಗಿಳಿಯಲಿಲ್ಲ. ಈ ಸಲ ಹೊಲಕ್ಕೆ ಹೋದಾಗ ಅವನ ಮೊಮ್ಮಗ ಆಳುಗಳಿಂದ ಹುಣಸೆ ಬಡಿಸುತ್ತಿದ್ದ. ನನ್ನನ್ನು ನೋಡಿ ಬದುವಿನ ತನಕ ಬಂದ.

“ಅಜ್ಜಾರ, ನಮ್ಮ ಮುತ್ಯಾನ್ನ ನಾ ನೋಡೇ ಇಲ್ಲ. ಹೆಂಗ ಇದ್ರರೀ ಅವರು?”

“ಅಗದಿ ಕೆಟ್ಟ ಮನಶಾ,” ಅಂದೆ. “ಅಂಥಾಂವ ಮತ್ತೊಬ್ಬ ಸಿಗಲಿಲ್ಲ ನನಗ.”

ಹೇಳಿ ಬದುವಿನ ಮೇಲೆ ಕೂತೆ, ಎಡಕ್ಕೆ ಒಬ್ಬ ಕೂರುವಷ್ಟು ಜಾಗ ತಾನಾಗಿಯೇ ಬಿಟ್ಟಿದ್ದೆ. ಅದಕ್ಕೂ ನನಗೆ ಅವನ ಮೇಲೇ ಸಿಟ್ಟು ಬಂತು.