ಬಗ್ಗಿಯ ಮೂತಿಯ ಮೇಲೆ ಎಂಬತ್ತೆಂಟು ಕಿಲೊ

ಕಳೆದ ಭಾನುವಾರ ಬೆಳಿಗ್ಗೆ ಮೂಡಲಗಿಯ ಒಂದು ಹೊಲದಲ್ಲಿ, ಎಪ್ಪತ್ತು ದಾಟಿದ ಹಿರಿಯರೊಬ್ಬರು ಡೀಸೆಲ್ ಎಂಜಿನ್ನಿನ ಮೇಲೆ ಸುಳಿ ಹುಡುಕಿದರು. ಎತ್ತಿನ ಮೈಮೇಲೆ ಕೂದಲು ಸುತ್ತಿಕೊಂಡಿರುತ್ತದಲ್ಲ, ತಪ್ಪು ಜಾಗದಲ್ಲಿದ್ದರೆ ಕೇಡು ಎನ್ನುತ್ತಾರಲ್ಲ, ಆ ಸುಳಿ. ಎರಡು ಸುತ್ತು ಹಾಕಿ ಹುಡುಕಿದರು. ಸಿಗಲಿಲ್ಲ. ಸಮಾಧಾನಪಟ್ಟರು.

ನಾನು ಮೂರು ಅಡಿ ದೂರದಲ್ಲಿದ್ದೆ. ಕಣ್ಣಾರೆ ಕಂಡದ್ದನ್ನಷ್ಟೇ ಬರೆಯುತ್ತಿದ್ದೇನೆ. 

ವಿಷಯ ಇಷ್ಟು. ನನ್ನ ತಂಗಿಯ ಮಗಳು ಶಿಲ್ಪಾ ಎಂಜಿನಿಯರಿಂಗ್ ಓದುತ್ತಾಳೆ. ಒಂದು ವರ್ಷದಿಂದ ಗೆಳತಿಯರೊಂದಿಗೆ ಸೇರಿ ಪೈಪುಗಳನ್ನು ಬೆಸೆದು ಒಂದು ಬಗ್ಗಿ ಕಟ್ಟಿದ್ದಾಳೆ. ನಾಲ್ಕು ಚಕ್ರ, ಒಂದು ಸೀಟು, ಮೇಲೆ ಪಂಜರ. ರಸ್ತೆಯಲ್ಲಿ ಓಡಿಸುವುದಕ್ಕಲ್ಲ, ಕೆಸರು, ಕಲ್ಲು, ದಿಬ್ಬಗಳಲ್ಲಿ ರೇಸ್ ಓಡಿಸುವುದಕ್ಕೆ. ರೇಸ್ ಮುಂದಿನ ತಿಂಗಳು. ಓಡಿಸುವವಳು ಅವಳೇ.

ಎಲ್ಲ ಇತ್ತು. ಎಂಜಿನ್ನೊಂದೇ ಇರಲಿಲ್ಲ.

ಆಯ್ಕೆಗೆ ಎರಡಿದ್ದವು. ಹುಕ್ಕೇರಿಯ ಗುಜರಿ ಅಂಗಡಿಯಲ್ಲಿ ಸಿಕ್ಕ ಬೈಕ್ ಎಂಜಿನ್ನು; ಹಗುರ, ಕೀರಲು ದನಿ. ಗೋಕಾಕದಲ್ಲಿ ಸಿಕ್ಕ, ಸಾಮಾನು ಸಾಗಿಸುವ ಆಟೋದ ಡೀಸೆಲ್ ಎಂಜಿನ್ನು; ಭಾರ, ಗಂಭೀರ. ಶಿಲ್ಪಾಳ ಮನಸ್ಸು ಹಗುರದ್ದರ ಮೇಲಿತ್ತು. ಆದರೆ ಅವಳ ಅಪ್ಪ ಈರಪ್ಪ ಒಂದು ಷರತ್ತು ಹಾಕಿದ. ಲಗಮಪ್ಪ ಕಾಕಾ ನೋಡಿ ಒಪ್ಪಬೇಕು. ಒಪ್ಪದಿದ್ದರೆ ಮಗಳು ಸ್ಟೇರಿಂಗ್ ಮುಟ್ಟುವಂತಿಲ್ಲ.

ಲಗಮಪ್ಪ ಕಾಕಾ ಯಾರು? ಸುಳಿ ಹುಡುಕಿದ ಆ ಹಿರಿಯರೇ. ಮೂಡಲಗಿಯ ದನದ ಸಂತೆಯಲ್ಲಿ ಐವತ್ತು ವರ್ಷದಿಂದ ಎತ್ತು ಆರಿಸಿಕೊಡುವವರು. ಈರಪ್ಪನ ಮನೆತನದಲ್ಲಿ ಜಗ್ಗುವ ಯಾವ ಜೀವವೂ ಅವರ ಕಣ್ಣು ತಪ್ಪಿಸಿ ಕೊಟ್ಟಿಗೆಗೆ ಬಂದಿಲ್ಲ. ಟ್ರ್ಯಾಕ್ಟರನ್ನೂ ಅವರೇ ನೋಡಿದ್ದರಂತೆ. (ಬೆನ್ನು ತಟ್ಟಿ.)

"ಎಂಜಿನ್ ಅಂದ್ರೇನ್ವಾ? ಜಗ್ಗೂದು. ಎತ್ತೂ ಜಗ್ಗತೈತಿ, ಇದೂ ಜಗ್ಗತೈತಿ. ಕಲ್ಲಿಗೆ ಕಟ್ಟೂಣು, ತಾನ ಗೊತ್ತಾಗತೈತಿ," ಎಂದರು ಕಾಕಾ.

ನಮ್ಮ ಕಡೆ ಎತ್ತುಗಳಿಗೆ ಕಲ್ಲು ಜಗ್ಗುವ ಪಂದ್ಯ ಇಡುತ್ತಾರೆ. ಆ ಕಲ್ಲೇ ಬಂತು. ಶನಿವಾರ ಬೈಕ್ ಎಂಜಿನ್ ಕೂರಿಸಿ, ಬಗ್ಗಿಯನ್ನು ಹಗ್ಗದಿಂದ ಕಲ್ಲಿಗೆ ಕಟ್ಟಿದರು. ಎಂಜಿನ್ನು ಕೀರಿತು, ಕೆಮ್ಮಿತು, ನಿಂತಿತು. ಮೂರು ಸಲ. ಕಲ್ಲು ಒಂದು ಬೆರಳೂ ಸರಿಯಲಿಲ್ಲ. ಭಾನುವಾರ ಡೀಸೆಲ್ ಎಂಜಿನ್ನಿನ ಸರದಿ. ಕಲ್ಲು ಹನ್ನೊಂದು ಅಡಿ ಸರಿಯಿತು. ನೆರೆದವರು ಸಿಳ್ಳೆ ಹೊಡೆದರು. ಯಾರೋ ಎಂಜಿನ್ನಿಗೆ ಭಂಡಾರ, ಅಂದರೆ ದೇವರ ಅರಿಶಿನಪುಡಿ, ಹಚ್ಚಿದರು.

"ಕಾಕಾ, ರೇಸಿನ್ಯಾಗ ಯಾರೂ ಕಲ್ಲು ಜಗ್ಗಸೂದಿಲ್ರಿ," ಎಂದಳು ಶಿಲ್ಪಾ.

ಕಾಕಾ ಅವಳನ್ನು ಕನಿಕರದಿಂದ ನೋಡಿದರು. "ಕಲ್ಲ ಇಲ್ಲಂದ್ರ ಅದೆಂಥಾ ರೇಸವಾ ಯವ್ವಾ?"



ಶಿಲ್ಪಾ ಬಿಡಲಿಲ್ಲ. ಎಂಜಿನ್ನು ಸೀಟಿನ ಹಿಂದೆ ಕೂರುತ್ತದೆ, ಇಷ್ಟು ಭಾರವಾದರೆ ಏರು ಹತ್ತುವಾಗ ಮುಂದಿನ ಚಕ್ರ ಮೇಲೇಳುತ್ತದೆ, ಬಗ್ಗಿ ಅಂಗಾತ ಬೀಳುತ್ತದೆ, ಒಳಗಿರುವವಳು ತಾನು ಎಂದು ಬಿಡಿಸಿ ಹೇಳಿದಳು. ನೆಲದ ಮೇಲೆ ಕಡ್ಡಿಯಿಂದ ಚಿತ್ರ ಬರೆದಳು.

ಕಾಕಾ ಚಿತ್ರ ನೋಡಲಿಲ್ಲ. ನನ್ನನ್ನು ನೋಡಿದರು.

"ಚಕ್ಕಡ್ಯಾಗ ಹಿಂದ ಭಾರ ಆದ್ರ ಏನ್ ಮಾಡತೇವಿ? ಮುಂದ ಒಬ್ಬಾಂವನ್ನ ಕುಂದ್ರಸತೇವಿ. ಕಾರಕೂನರ, ನಿಮ್ಮ ತೂಕಾ ಎಷ್ಟ್ರಿ?"

ನಾನು ಗೋಕಾಕದ ಕೋರ್ಟಿನಲ್ಲಿ ಗುಮಾಸ್ತ. ಕೇಳಿದ್ದಕ್ಕೆ ಸರಿಯಾದ ಉತ್ತರ ಕೊಟ್ಟು ಅಭ್ಯಾಸ. "ಎಂಬತ್ತೆಂಟ್ರಿ," ಎಂದೆ.

ಮುಂದಿನ ಐದು ನಿಮಿಷದಲ್ಲಿ ನನ್ನನ್ನು ಬಗ್ಗಿಯ ಮೂತಿಯ ಪೈಪಿನ ಮೇಲೆ ಕೂರಿಸಲಾಗಿತ್ತು. ಶಿಲ್ಪಾ ಬೇಡವೆಂದಳು. ಈರಪ್ಪ ಅವಳತ್ತ ಕಣ್ಣು ಬಿಟ್ಟ. ಕಾಕಾ ತಮ್ಮ ರುಮಾಲು ಬಿಚ್ಚಿ ನನ್ನ ತಲೆಗೆ ಬಿಗಿಯಾಗಿ ಸುತ್ತಿದರು. (ಅದು ಹೆಲ್ಮೆಟ್.) ನಾನೇಕೆ ಇಳಿದು ಹೋಗಲಿಲ್ಲ? ಗೊತ್ತಿಲ್ಲ. ಎಲ್ಲರೂ ಒಪ್ಪಿದ ಕಡೆ ಒಬ್ಬನೇ ಇಳಿಯುವುದು ಕಷ್ಟ.

ಎದುರಿಗೆ ಕಾಲುವೆಯ ಏರಿ. "ಮಾಮಾ, ಗಟ್ಟಿ ಹಿಡ್ಕೊ. ನಾ ಸಾವಕಾಶ ಹೊಡೀತೇನಿ," ಎಂದಳು ಶಿಲ್ಪಾ. ಸಾವಕಾಶವೇ ಹೊರಟಳು. ಮೊದಲ ಆರು ಅಡಿ ನನಗೆ ಮಣ್ಣು ಕಂಡಿತು. ಆಮೇಲೆ ಹುಲ್ಲು. ಆಮೇಲೆ ಏರಿಯ ತುದಿಯ ಜಾಲಿ ಗಿಡ. ಆಮೇಲೆ ಬರೀ ಆಕಾಶ. ಒಂದು ಬೆಳ್ಳಕ್ಕಿ ಹಾರುತ್ತಿತ್ತು. ಅದು ನನ್ನನ್ನು ನೋಡಿತು ಎಂದು ನಾನು ಪ್ರಮಾಣ ಮಾಡಿ ಹೇಳಬಲ್ಲೆ.

ಮುಂದಿನ ಎರಡೂ ಚಕ್ರಗಳು ಗಾಳಿಯಲ್ಲಿದ್ದವು. ಅವುಗಳ ನಡುವೆ ನಾನು.

ಶಿಲ್ಪಾ ಗಾಬರಿಯಾಗಲಿಲ್ಲ. ಎಕ್ಸಲರೇಟರ್ ಬಿಟ್ಟಳು. ಮೂತಿ ದಪ್ಪನೆ ನೆಲಕ್ಕೆ ಬಿತ್ತು. ಬ್ರೇಕ್ ಅದುಮುತ್ತ, ಬಿಡುತ್ತ ಹಿಂದಕ್ಕೆ ಇಳಿಸಿದಳು. ನೆರೆದವರು ನಾಲ್ಕು ಹೆಜ್ಜೆ ಹಿಂದೆ ಸರಿದರು.

ಕಾಕಾ ಮಾತ್ರ ಧೃತಿಗೆಡಲಿಲ್ಲ. "ಎಂಜಿನ್ನಿಂದು ಏನೂ ತಪ್ಪಿಲ್ಲ. ಕಾರಕೂನರ ಭಾರ ಸಾಲಲಿಲ್ಲ," ಎಂದರು.

ಶಿಲ್ಪಾ ಹೆಲ್ಮೆಟ್ ತೆಗೆದಳು. ದನಿ ಏರಿಸಲಿಲ್ಲ. "ಖರೆ ಐತ್ರಿ ಕಾಕಾ. ನೀವೂ ಮಾಮಾನ ಬಾಜೂ ಕುಂದರ್ರಿ. ಇಬ್ರದೂ ಕೂಡಿ ಭಾರ ಬರೋಬ್ಬರಿ ಆಗತೈತಿ. ಬರ್ರಿ, ಇನ್ನೊಮ್ಮಿ ಏರಸ್ತೇನಿ."

ಕಾಕಾ ಏರಿಯನ್ನು ನೋಡಿದರು. ನನ್ನನ್ನು ನೋಡಿದರು. ಮೂತಿಯ ಪೈಪನ್ನು ಕೈಯಿಂದ ಒಮ್ಮೆ ಒತ್ತಿ ನೋಡಿದರು.

"ಈರಪ್ಪಾ, ಆ ಹುಕ್ಕೇರಿ ಎಂಜಿನ್ ಎಲ್ಲೈತೋ? ತಂದ ಕುಂದ್ರಸ್ರಿ. ಓಡೋ ಗಾಡಿಗೆ ಹಗರಂದ ಬೇಕು. ನಾ ಮೊದ್ಲಿಂದ ಅದನ್ನ ಹೇಳಾಕತ್ತೇನಿ."

ಅವರು ಮೊದಲಿನಿಂದ ಅದನ್ನು ಹೇಳಿರಲಿಲ್ಲ. ಒಂದು ಸಲವೂ ಹೇಳಿರಲಿಲ್ಲ. ಆದರೆ ಈರಪ್ಪ, "ಹೌದ್ರಿ ಕಾಕಾ, ನಿಮ್ಮ ಕಣ್ಣಂದ್ರ ಕಣ್ಣು," ಎಂದ. ಉಳಿದವರು ಹೌದೆಂದರು. ಮಧ್ಯಾಹ್ನದೊಳಗೆ ಡೀಸೆಲ್ ಎಂಜಿನ್ನು ಭಂಡಾರ ಸಮೇತ ಕೆಳಗಿಳಿಯಿತು, ಬೈಕ್ ಎಂಜಿನ್ನು ಮೇಲೇರಿತು. ಶಿಲ್ಪಾ ಒಬ್ಬಳೇ ಕೂತು ಅದೇ ಏರಿಯನ್ನು ಒಂದೇ ಉಸಿರಿಗೆ ಹತ್ತಿ ಇಳಿದಳು. ಈಗ ಇಡೀ ಓಣಿ ಹೇಳುವುದೇನು ಗೊತ್ತೇ? ಲಗಮಪ್ಪ ಕಾಕಾನ ಆಯ್ಕೆ ಯಾವತ್ತೂ ತಪ್ಪುವುದಿಲ್ಲ.

ನನಗೆ ಸಿಟ್ಟು ಬಂತು. ಸಂಜೆ ಚಹಾ ಕುಡಿಯುವಾಗ ಕೇಳಿದೆ: "ಆರಿಸಿದಾಕಿ ನೀನು, ಹೆಸರು ಕಾಕಾಂದು. ನಿನಗೇನೂ ಅನ್ಸೂದಿಲ್ಲೇನ?"

ಅವಳು ಬಗ್ಗಿಯ ಅಡಿಯಲ್ಲಿ ಮಲಗಿ ನಟ್ಟು ಬಿಗಿಯುತ್ತಿದ್ದಳು. ಅಲ್ಲಿಂದಲೇ ಉತ್ತರ ಬಂತು:

"ಆರಿಸಿದಾವ್ರು ಯಾರರೆ ಆಗ್ಲಿ ಬಿಡು ಮಾಮಾ, ಹೊಡಿಯಾಕಿ ನಾನ ಅಲ್ಲೇನು?"