ಹೆಪ್ಪು ಕೇಳಲು ಬರುತ್ತಿದ್ದ ಲೀಲಕ್ಕ

ಲೀಲಕ್ಕನಷ್ಟು ನಾಚಿಕೆ ಬಿಟ್ಟು ಮೊಸರಿಗೆ ಹೆಪ್ಪು ಕೇಳುವವರನ್ನು ನಾನು ಕಂಡಿಲ್ಲ. ಅವರ ಹಟ್ಟಿಯಲ್ಲಿ ಕರೆಯುವ ಹಸುವಿತ್ತು, ಮನೆಯಲ್ಲಿ ಮೊಸರು ಮುಗಿದದ್ದೇ ಇಲ್ಲ. ಆದರೂ ಕೋಡಿಂಬಾಳದ ನಮ್ಮ ಮನೆಯಲ್ಲಿ ನನ್ನ ಗಂಡನ ಸ್ವರ ಏರಿತೆಂದರೆ ಸಾಕು, ಪಕ್ಕದ ಮನೆಯಿಂದ ಲೋಟ ಹಿಡಿದು ಬಂದು ಜಗಲಿ ಹತ್ತಿಬಿಡುತ್ತಿದ್ದರು.

"ಒಂದು ಚಮಚ ಹೆಪ್ಪು ಉಂಟಾ?"

ಎತ್ತಿದ ಕೈ ಇಳಿಯುತ್ತಿತ್ತು. ಹೊರಗಿನವರ ಎದುರು ಹೆಂಡತಿಗೆ ಹೊಡೆದರೆ ಮರ್ಯಾದೆ ಹೋಗುತ್ತದೆ ನೋಡಿ!

ನಾನು ಹೊಲಿಗೆ ಕೆಲಸಕ್ಕೆ ಕಡಬ ಪೇಟೆಗೆ ಹೋಗತೊಡಗಿದ ಮೇಲೆ ಅವನ ಸಂಶಯ ಹೆಚ್ಚಿತು. ಫೋನು ಬಂದರೂ ಪೆಟ್ಟು, ಬಸ್ಸು ತಡವಾದರೂ ಪೆಟ್ಟು. ಸುಳ್ಯದಲ್ಲಿದ್ದ ಅಮ್ಮನಿಗೆ ಹೇಳಿದರೆ, "ಕುಡಿದಾಗ ಮಾತ್ರ ಅಲ್ವಾ, ಸ್ವಲ್ಪ ಸುಧಾರಿಸ್ಕೊ" ಎನ್ನುತ್ತಿದ್ದರು. ಅದನ್ನು ಕೇಳಿ ಲೀಲಕ್ಕ ಸಿಡುಕಿದರು.

"ಕುಡಿದವ ದಾರಿಯಲ್ಲಿ ಧಣಿ ಸಿಕ್ಕಿದ್ರೆ ಹೊಡಿತಾನಾ? ಇಲ್ಲ, ಮೊಣಕಾಲಿಗೆ ಎತ್ತಿ ಕಟ್ಟಿದ ಮುಂಡು ಇಳಿಸಿ ನಮಸ್ಕಾರ ಮಾಡ್ತಾನೆ. ಅಷ್ಟು ಬುದ್ಧಿ ಉಂಟಲ್ಲ ಅವನಿಗೆ!"

ಒಂದು ಮುಸ್ಸಂಜೆ ಅವನು ನನ್ನ ಜಡೆ ಹಿಡಿದು ತಲೆಯನ್ನು ಗೋಡೆಗೆ ಗುದ್ದಿದ. ಹಣೆ ಒಡೆಯಿತು. ಲೀಲಕ್ಕ ಓಡಿಬಂದು, ಅಭ್ಯಾಸಬಲದಿಂದ ಹೆಪ್ಪು ಕೇಳಿಬಿಟ್ಟರು. ಅಲ್ಲೇ ನಿಂತಿದ್ದ ನನ್ನ ಅತ್ತೆಗೆ ಅಷ್ಟೇ ಸಾಕಾಯಿತು.

"ದೀಪ ಹಚ್ಚಿದ ಮೇಲೆ ಹೆಪ್ಪು ಕೇಳುದಾ? ಕೊಟ್ರೆ ಮನೆಯ ಲಕ್ಷ್ಮಿಯೇ ಹೋಗ್ತಾಳೆ. ಬೆಳಿಗ್ಗೆ ಬನ್ನಿ."

ನಮ್ಮ ಕಡೆ ಇದಕ್ಕೆ ಎದುರು ಮಾತಿಲ್ಲ. ಲೀಲಕ್ಕ ತಬ್ಬಿಬ್ಬಾದರು. ನನಗೆ ಜೀವವೇ ಹೋದಂತಾಯಿತು. ಆಮೇಲೆ ಅವರು ಲೋಟವನ್ನು ಅಲ್ಲೇ ಇಟ್ಟು, ಸೆರಗು ಸಿಕ್ಕಿಸಿ ಒಳಗೆ ಬಂದರು.

"ಹೌದು ಮಾರಾಯ್ರೆ, ಮರ್ತೇಹೋಯ್ತು. ಹೆಪ್ಪು ಬೇಡ. ಈ ಹುಡುಗಿಯನ್ನು ಕರ್ಕೊಂಡು ಹೋಗ್ತೇನೆ. ಇವಳು ಹೋದ್ರೆ ನಿಮಗೆ ಎಂತದೂ ಹೋಗುದಿಲ್ಲ ಅಲ್ವಾ?"

ಲೀಲಕ್ಕ ನನ್ನ ರಟ್ಟೆ ಹಿಡಿದು ನಡೆಸಿಕೊಂಡೇ ಹೋದರು. ಮರುದಿನ ಪೊಲೀಸ್ ಠಾಣೆಗೂ ಅವರೇ ಜೊತೆಗೆ ಬಂದರು. ನಾನು ಮತ್ತೆ ಆ ಮನೆಗೆ ಹೋಗಲಿಲ್ಲ.

ಈಗ ಪುತ್ತೂರಿನಲ್ಲಿ ನನ್ನದೇ ಹೊಲಿಗೆ ಅಂಗಡಿ. ಲೀಲಕ್ಕ ತೀರಿಕೊಳ್ಳುವ ಮುಂಚೆ ಇಲ್ಲಿಯ ಆಸ್ಪತ್ರೆಯಲ್ಲಿದ್ದರು. ತಲೆ ಬಾಚಿಕೊಡುತ್ತಾ, ನಿಮಗೆ ಅಷ್ಟು ಧೈರ್ಯ ಎಲ್ಲಿಂದ ಬಂತು ಎಂದು ಕೇಳಿದೆ.

"ಧೈರ್ಯ ಎಂತದ್ದು ಮಗಾ? ನಮ್ಮ ಯಜಮಾನ್ರು ಬದುಕಿರುವಾಗ ಅವ್ರ ಪೆಟ್ಟು ತಿನ್ನುತ್ತಾ ನಾನೂ ಬಾಗಿಲು ನೋಡ್ತಿದ್ದೆ, ಯಾರಾದ್ರೂ ಬರ್ತಾರಾ ಅಂತ. ಆಚೆ ಮನೆಯವ್ರು ರೇಡಿಯೋ ಜೋರು ಮಾಡ್ತಿದ್ರು."