ಡಬ್ಬಿ ಮಾವನ ಊಟ
ಗಡಿಯಾರ ರಿಪೇರಿ ಮಾಡುವ ನಮ್ಮ ಡಬ್ಬಿ ಮಾವನಿಗೆ ಗೋಧಿ ಒಗ್ಗುವುದಿಲ್ಲ, ಹಾಲು ಒಗ್ಗುವುದಿಲ್ಲ, ಈರುಳ್ಳಿಯ ಹೆಸರೆತ್ತಿದರೂ ಕರುಳು ಮುಷ್ಕರ ಹೂಡುತ್ತದೆ. ಆದರೂ ನೆಂಟರ ಮದುವೆಯ ಊಟ ಒಂದನ್ನೂ ಅವರು ತಪ್ಪಿಸಿದವರಲ್ಲ. ಚೀಲದಲ್ಲಿ ಎರಡು ಡಬ್ಬಿ ಹೊತ್ತು ತಂದು, ಉದ್ದ ಮೇಜಿನ ನಟ್ಟನಡುವೆ ಕೂತು, ಬಡಿಸಲು ಬಂದವನನ್ನು "ನಿಂದು ಹಾಗಿರ್ಲಿ, ನಂದು ನೋಡು" ಎಂದು ತಡೆದು, ಗಡಿಯಾರದ ಬೆನ್ನು ಬಿಚ್ಚುವ ನಾಜೂಕಿನಲ್ಲಿ ಒಂದರ ಮುಚ್ಚಳ ತೆಗೆಯುತ್ತಾರೆ. ಶುಂಠಿ ಹಾಕಿ ಬೇಯಿಸಿದ ಕುಂಬಳಕಾಯಿ, ಹುರಿದ ಎಳ್ಳು ಉದುರಿಸಿದ ಅನ್ನ. ಆ ಘಮಕ್ಕೆ ಅಕ್ಕಪಕ್ಕದವರ ತುತ್ತು ಅರ್ಧದಾರಿಯಲ್ಲೇ ನಿಲ್ಲುತ್ತದೆ. "ನನ್ನ ಹೊಟ್ಟೆ ಅಂದ್ರೆ ಸಾಮಾನ್ಯದ್ದಲ್ಲ ಕಣ್ರೀ, ಸಿಕ್ಕಿದ್ದನ್ನೆಲ್ಲ ಒಳಗೆ ಬಿಟ್ಕೊಳ್ಳಲ್ಲ!" ಎಂದು ಇಡೀ ಛತ್ರಕ್ಕೆ ಸಾರುತ್ತಾರೆ. ಅತ್ತೆ ನಾಚಿಕೆಯಿಂದ "ಸ್ವಲ್ಪ ಮೆಲ್ಲಗೆ" ಎಂದರೆ ದನಿ ಇನ್ನೂ ಏರುತ್ತದೆ. ಎರಡನೇ ಡಬ್ಬಿ ಮನೆಗೆ ಹೋಗುವಾಗ ದಾರಿಯಲ್ಲಿ ತಿನ್ನಲಿಕ್ಕಿರಬೇಕೆಂದು ನಾವು ನಗುತ್ತಿದ್ದೆವು. ಮೊನ್ನೆ ನನ್ನ ತಂಗಿಯ ಮದುವೆಯಲ್ಲಿ, ಎದುರಿಗೆ ಕೂತು ತಟ್ಟೆಯನ್ನು ಸುಮ್ಮನೆ ಕೆದಕುತ್ತಿದ್ದ ಹೆಂಗಸೊಬ್ಬಳು ಎದ್ದು ಬಂದು, "ನಂಗೂ ಹಾಗೇ ರೀ" ಎಂದು ಪಿಸುಗುಟ್ಟಿದಳು. ಮಾವ ಅಂದು ಮೊದಲ ಬಾರಿಗೆ ತುಟಿಪಿಟಿಕ್ಕೆನ್ನದೆ ಎರಡನೇ ಡಬ್ಬಿಯನ್ನು ಅವಳತ್ತ ಸರಿಸಿದರು. ಆಮೇಲೆ ನಾನು ಕೇಳಿದ್ದಕ್ಕೆ, "ಎಲ್ಲಿ ಹೋದ್ರೂ ಇಂಥವ್ರು ಒಬ್ರಾದ್ರೂ ಇರ್ತಾರಪ್ಪ, ಬಾಯ್ಬಿಟ್ಟು ಹೇಳಲ್ಲ ಅಷ್ಟೆ. ನಾನೂ ಕೂಗ್ದೇ ಇದ್ರೆ ಅವ್ರು ಯಾರ ಹತ್ರ ಬರ್ಬೇಕು?" ಎಂದರು.